ಏಳಲೊಲ್ಲದ ಟ್ರಂಕ್ ಮುಚ್ಚಳ

ದೂರ ಪ್ರಯಾಣಕ್ಕೆಂದೇ ರೂಪಿಸಿದ ದೊಡ್ಡ ಬೈಕುಗಳಲ್ಲಿ ಹಿಂಬದಿ ಸವಾರನ ಬೆನ್ನ ಹಿಂದಿರುವ ಟ್ರಂಕ್ ನೋಡುವುದಕ್ಕೆ ಬರೀ ಮುಚ್ಚಳವಿರುವ ಪೆಟ್ಟಿಗೆ. ಆದರೆ ಆ ಮುಚ್ಚಳಕ್ಕೆ ವಹಿಸಿರುವ ಕೆಲಸ ಕಡಿಮೆಯದಲ್ಲ. ಅದು ಮಳೆನೀರನ್ನು ಹೊರಗೇ ನಿಲ್ಲಿಸಬೇಕು, ಹೆದ್ದಾರಿಯ ವೇಗದ ಗಾಳಿಗೆ ಅದುರದೆ ಕೂರಬೇಕು, ಬೆನ್ನ ಮೇಲೆ ಲಗೇಜ್ ರ‍್ಯಾಕನ್ನೂ ಕೆಲವೊಮ್ಮೆ ದೀಪವನ್ನೂ ಹೊರಬೇಕು, ಇಷ್ಟಾದ ಮೇಲೂ ಒಂದು ಗುಂಡಿ ಒತ್ತಿ ತುಸು ಎತ್ತಿದೊಡನೆ ಹಗುರವಾಗಿ ಮೇಲೆದ್ದು ನಿಲ್ಲಬೇಕು. ಹೋಂಡಾ ಗೋಲ್ಡ್ ವಿಂಗ್ ಟೂರ್‌ನ 2021ರ ಮಾದರಿಯಲ್ಲಿ ಟ್ರಂಕಿನ ಗಾತ್ರವನ್ನು 50 ಲೀಟರ್‌ನಿಂದ 61 ಲೀಟರ್‌ಗೆ ಏರಿಸಲಾಯಿತು. ಪೂರ್ತಿ ಮುಖ ಮುಚ್ಚುವ ಎರಡು ಹೆಲ್ಮೆಟ್‌ಗಳು ಅದರಲ್ಲಿ ಹಿಡಿಯುತ್ತವೆ. ಪೆಟ್ಟಿಗೆ ದೊಡ್ಡದಾದಷ್ಟೂ ಮುಚ್ಚಳ ಅಗಲವಾಗುತ್ತದೆ, ಮುಚ್ಚಳ ಅಗಲವಾದಷ್ಟೂ ಅದನ್ನು ಸರಾಗವಾಗಿ ಎತ್ತುವುದು ಕಷ್ಟವಾಗುತ್ತದೆ.

ಈ ಮುಚ್ಚಳ ಕೈಕೊಟ್ಟಾಗ ಮಾಲೀಕರು ಹೇಳುವ ದೂರು ಒಂದೇ: ‘ಸರಿಯಾಗಿ ತೆರೆಯುತ್ತಿಲ್ಲ’. ಆ ಒಂದು ಮಾತಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ತೊಂದರೆಗಳು ಅಡಗಿರುತ್ತವೆ. ಒಂದರಲ್ಲಿ ಲಾಕಿನ ಕೊಕ್ಕೆಯೇ ಬಿಡುವುದಿಲ್ಲ. ಇನ್ನೊಂದರಲ್ಲಿ ಕೊಕ್ಕೆ ಬಿಟ್ಟರೂ ಮುಚ್ಚಳ ಏಳುವುದಿಲ್ಲ. ಲೀವರ್ ಎಳೆದಾಗ ಒಳಗಿನಿಂದ ‘ಟಕ್’ ಎಂಬ ಸದ್ದು ಬಂದು ಅಂಚು ತುಸು ಮೇಲೆ ಚಿಮ್ಮಿತೇ ಎಂದು ಗಮನಿಸಿದರೆ ಎರಡನ್ನೂ ಬೇರ್ಪಡಿಸಬಹುದು. ಇದನ್ನು ನೋಡದೆ ನೇರವಾಗಿ ಹೊಸ ಗ್ಯಾಸ್ ಸ್ಟ್ರಟ್, ಅಂದರೆ ಮುಚ್ಚಳವನ್ನು ಎತ್ತಿ ಹಿಡಿಯುವ ಅನಿಲ ತುಂಬಿದ ಕೊಳವೆ, ಕೊಂಡು ತಂದು ಹಾಕುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಈ ರಿಪೇರಿಯಲ್ಲಿ ಸ್ಪ್ಯಾನರ್‌ಗಿಂತ ಮೊದಲು ಕೈಗೆತ್ತಿಕೊಳ್ಳಬೇಕಾದ ಸಲಕರಣೆ ತೂಕದ ಕೊಕ್ಕೆತಕ್ಕಡಿ, ಅಂದರೆ ಸೂಟ್‌ಕೇಸ್ ತೂಗಲು ಬಳಸುವ ಸಣ್ಣ ಯಂತ್ರ.

ತೂಗುವುದೇಕೆ ಎಂದರೆ, ಮುಚ್ಚಳ ಏಳುವುದೂ ಬೀಳುವುದೂ ಎರಡು ತಿರುಗುಬಲಗಳ ಪೈಪೋಟಿಯಿಂದ ನಿರ್ಧಾರವಾಗುತ್ತದೆ. ಮುಚ್ಚಳದ ತೂಕ ಅದನ್ನು ಕೀಲಿನ ಸುತ್ತ ಕೆಳಕ್ಕೆ ತಿರುಗಿಸಲು ನೋಡುತ್ತದೆ, ಸ್ಟ್ರಟ್ ಮೇಲಕ್ಕೆ ತಿರುಗಿಸಲು ನೋಡುತ್ತದೆ. ತಿರುಗುಬಲವೆಂದರೆ ಬಲವನ್ನು ಕೀಲಿನಿಂದ ಅದರ ರೇಖೆಗಿರುವ ಲಂಬ ದೂರದಿಂದ ಗುಣಿಸಿದಾಗ ಬರುವ ಗುಣಲಬ್ಧ. 4 ಕಿಲೋಗ್ರಾಂ ಮುಚ್ಚಳದ ಗುರುತ್ವ ಕೇಂದ್ರ ಕೀಲಿನಿಂದ 25 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಳ್ಳೋಣ. ಮುಚ್ಚಿದ ಸ್ಥಿತಿಯಲ್ಲಿ ತೂಕದ ತಿರುಗುಬಲ ಸುಮಾರು 10 ನ್ಯೂಟನ್ ಮೀಟರ್. ಇದನ್ನು ಅಳೆಯುವುದಕ್ಕೆ ಮುಚ್ಚಳವನ್ನು ಬಿಚ್ಚಬೇಕಾಗಿಲ್ಲ. ಒಬ್ಬರು ಮುಚ್ಚಳವನ್ನು ಹಿಡಿದುಕೊಂಡಿರುವಾಗ ಸ್ಟ್ರಟ್ಟಿನ ಒಂದು ತುದಿಯನ್ನು ಕಳಚಿ, ತಕ್ಕಡಿಯ ಕೊಕ್ಕೆಯನ್ನು ಹೊರ ಅಂಚಿಗೆ ಸಿಕ್ಕಿಸಿ, ಮುಚ್ಚಳ ನೆಲಕ್ಕೆ ಸಮಾನಾಂತರವಾಗಿ ನಿಲ್ಲುವಂತೆ ಎತ್ತಿ ಹಿಡಿದರೆ ಸಾಕು. ಅಂಚು ಕೀಲಿನಿಂದ 45 ಸೆಂಟಿಮೀಟರ್ ದೂರವಿದ್ದರೆ ತಕ್ಕಡಿ ಸುಮಾರು 2.2 ಕಿಲೋಗ್ರಾಂ ತೋರಿಸುತ್ತದೆ, ಅದನ್ನು 9.8ರಿಂದಲೂ 0.45ರಿಂದಲೂ ಗುಣಿಸಿದರೆ ಅದೇ 10ರ ಆಸುಪಾಸಿನ ಉತ್ತರ ಬರುತ್ತದೆ. ಇದೇ ಹೊತ್ತಿನಲ್ಲಿ ಕೀಲು ಸಲೀಸಾಗಿ ತಿರುಗುತ್ತಿದೆಯೇ, ಎಲ್ಲಾದರೂ ಹಿಡಿದು ಹಿಡಿದು ಬಿಡುತ್ತಿದೆಯೇ ಎನ್ನುವುದೂ ಕೈಗೆ ತಿಳಿಯುತ್ತದೆ.

ಎದುರಾಳಿಯಾದ ಸ್ಟ್ರಟ್ಟನ್ನು ಗ್ಯಾಸ್ ಸ್ಪ್ರಿಂಗ್ ಎಂದೂ ಕರೆಯುತ್ತಾರೆ, ಹೆಸರಿಗೆ ಸ್ಪ್ರಿಂಗ್ ಆದರೂ ಒಳಗೆ ಸುರುಳಿಯಿಲ್ಲ. ಉಕ್ಕಿನ ಕೊಳವೆಯೊಳಗೆ ಹೆಚ್ಚಿನ ಒತ್ತಡದಲ್ಲಿ ತುಂಬಿದ ನೈಟ್ರೋಜನ್, ತಳದಲ್ಲಿ ಸ್ವಲ್ಪ ಎಣ್ಣೆ, ನಡುವೆ ಸಣ್ಣ ರಂಧ್ರವಿರುವ ಪಿಸ್ಟನ್, ಅದಕ್ಕೆ ಅಂಟಿಕೊಂಡ ರಾಡ್ ಇಷ್ಟೇ ಇರುವುದು. ರಂಧ್ರವಿರುವುದರಿಂದ ಪಿಸ್ಟನ್ನಿನ ಎರಡೂ ಬದಿಗಳಲ್ಲಿ ಒತ್ತಡ ಒಂದೇ. ಹಾಗಿದ್ದಮೇಲೆ ತಳ್ಳುವ ಬಲ ಬರುವುದೆಲ್ಲಿಂದ? ಪಿಸ್ಟನ್ನಿನ ಒಂದು ಬದಿಯಲ್ಲಿ ರಾಡ್ ಆಕ್ರಮಿಸಿದ ಜಾಗದ ಮೇಲೆ ಅನಿಲ ಒತ್ತಲಾರದು. ಆ ಜಾಗದಷ್ಟು ವ್ಯತ್ಯಾಸವೇ ರಾಡನ್ನು ಹೊರಕ್ಕೆ ದೂಡುತ್ತದೆ. 6 ಮಿಲಿಮೀಟರ್ ವ್ಯಾಸದ ರಾಡಿನ ಅಡ್ಡಕೊಯ್ತ ಸುಮಾರು 28 ಚದರ ಮಿಲಿಮೀಟರ್. ಒಳಗಿನ ಒತ್ತಡ 70 ಬಾರ್, ಅಂದರೆ ವಾತಾವರಣದ ಒತ್ತಡದ ಸುಮಾರು ಎಪ್ಪತ್ತು ಪಟ್ಟು ಇದ್ದರೆ ಬಲ ಹತ್ತಿರ ಹತ್ತಿರ 200 ನ್ಯೂಟನ್. ಬೆರಳಿಗಿಂತ ತೆಳುವಾದ ರಾಡ್ ಇಪ್ಪತ್ತು ಕಿಲೋಗ್ರಾಂ ಎತ್ತುವ ಬಲದಿಂದ ದೂಡುತ್ತಿದೆ ಎಂದಾಯಿತು. ರಾಡ್ ಹೊರಬರುವ ಬಾಯಿಯಲ್ಲಿರುವ ಸೀಲಿನ ಮೂಲಕ ವರ್ಷಗಟ್ಟಲೆ ಅನಿಲ ಕಣ್ಣಿಗೆ ಕಾಣದಂತೆ ಸೋರಿ ಹೋದ ಹಾಗೆ ಈ ಬಲ ಕುಗ್ಗುತ್ತ ಬರುತ್ತದೆ.

ಬಲ 200 ನ್ಯೂಟನ್ ಇದ್ದರೂ ಅದರ ಪ್ರಭಾವ ಎಲ್ಲ ಕೋನಗಳಲ್ಲೂ ಒಂದೇ ಅಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ. ಮುಚ್ಚಿದಾಗ ಸ್ಟ್ರಟ್ ಹೆಚ್ಚುಕಡಿಮೆ ಕೀಲಿನತ್ತಲೇ ಮುಖಮಾಡಿ ಮಲಗಿರುತ್ತದೆ, ಲಂಬ ದೂರ 2 ಸೆಂಟಿಮೀಟರ್ ಇದ್ದರೆ ಹೆಚ್ಚು. ಆಗ ಅದರ ತಿರುಗುಬಲ ಬರೀ 4. ಉಳಿದ 6 ನ್ಯೂಟನ್ ಮೀಟರನ್ನು ಕೈಯೇ ಒದಗಿಸಬೇಕು. ಹೀಗೆ ಮಾಡಿರುವುದು ಉದ್ದೇಶಪೂರ್ವಕವಾಗಿಯೇ, ಇಲ್ಲವಾದರೆ ಮುಚ್ಚಿದ ಮುಚ್ಚಳವನ್ನು ಸ್ಟ್ರಟ್ ಸದಾ ಮೇಲಕ್ಕೆ ನೂಕುತ್ತ ಲಾಕನ್ನು ದಣಿಸುತ್ತಿತ್ತು. ಮುಚ್ಚಳ 25 ಡಿಗ್ರಿ ಎದ್ದಾಗ ಲಂಬ ದೂರ 5 ಸೆಂಟಿಮೀಟರ್ ಆಗಿದೆ ಎನ್ನೋಣ: ಸ್ಟ್ರಟ್ಟಿನದು 10, ತೂಕದ್ದು 9. ಇಲ್ಲಿಂದ ಮುಂದೆ ಮುಚ್ಚಳ ತಾನಾಗಿ ಏಳುತ್ತದೆ. 45 ಡಿಗ್ರಿಯಲ್ಲಿ ಲಂಬ ದೂರ 7 ಸೆಂಟಿಮೀಟರ್ ಆದರೆ ಸ್ಟ್ರಟ್ಟಿನ 14ರ ಎದುರು ತೂಕದ್ದು 7 ಮಾತ್ರ.

ಈಗ ಇದೇ ಮುಚ್ಚಳದ ಮೇಲೆ 2 ಕಿಲೋಗ್ರಾಂ ತೂಗುವ ಲಗೇಜ್ ರ‍್ಯಾಕ್ ಒಂದನ್ನು, ಕೀಲಿನಿಂದ 30 ಸೆಂಟಿಮೀಟರ್ ದೂರದಲ್ಲಿ, ಬಿಗಿದು ನೋಡಿ. 25 ಡಿಗ್ರಿಯಲ್ಲಿ ತೂಕದ ತಿರುಗುಬಲ 9ರಿಂದ 14ಕ್ಕೆ ಹಾರುತ್ತದೆ. ಸ್ಟ್ರಟ್ ಎಳ್ಳಷ್ಟೂ ಕೆಡದಿದ್ದರೂ ಮುಚ್ಚಳ ಕೆಳಗೆ ಕುಸಿಯುತ್ತದೆ. ಆದರೆ 45 ಡಿಗ್ರಿಯಲ್ಲಿ 14ರ ಎದುರು 11 ಮಾತ್ರ ಇರುವುದರಿಂದ ಅಲ್ಲಿ ನಿಲ್ಲುತ್ತದೆ. ‘ಪೂರ್ತಿ ಎತ್ತಿದರೆ ನಿಲ್ಲುತ್ತದೆ, ಅರ್ಧದಲ್ಲಿ ಬಿಟ್ಟರೆ ಬೀಳುತ್ತದೆ’ ಎಂಬ ದೂರಿನ ಗುಟ್ಟು ಇದು. ರ‍್ಯಾಕ್, ಬೆನ್ನೊರಗು, ಹೆಚ್ಚುವರಿ ದೀಪಗಳನ್ನು ಸೇರಿಸಿದ ಬೈಕಿಗೆ ಕಾರ್ಖಾನೆಯ ಅಳತೆಯದೇ ಹೊಸ ಸ್ಟ್ರಟ್ ಹಾಕಿದರೆ ದುಡ್ಡು ಹೋಗುತ್ತದೆಯೇ ಹೊರತು ಮುಚ್ಚಳ ಏಳುವುದಿಲ್ಲ.

ಚಳಿಯೂ ಸ್ಟ್ರಟ್ಟಿನ ಬಲವನ್ನು ಬದಲಿಸುತ್ತದೆ. ಅನಿಲದ ಒತ್ತಡ ಅದರ ಪರಮ ತಾಪಮಾನಕ್ಕೆ, ಅಂದರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್ಸನ್ನು ಸೊನ್ನೆಯೆಂದು ಹಿಡಿದು ಎಣಿಸಿದ ತಾಪಮಾನಕ್ಕೆ, ಅನುಪಾತದಲ್ಲಿರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ಸುತ್ತ ಪ್ರತಿ 10 ಡಿಗ್ರಿ ಇಳಿತಕ್ಕೆ ಬಲ ಸುಮಾರು ಶೇಕಡ 3.4ರಷ್ಟು ಕಡಿಮೆಯಾಗುತ್ತದೆ. ಗಟ್ಟಿ ಸ್ಟ್ರಟ್ಟಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಅಂಚಿನಲ್ಲಿ ಓಲಾಡುತ್ತಿರುವ ಸ್ಟ್ರಟ್ ಮಧ್ಯಾಹ್ನ ಸರಿಯಿದ್ದು ಬೆಳಗಿನ ಚಳಿಯಲ್ಲಿ ಮೊಂಡಾಗುವುದು ಇದರಿಂದಲೇ. ಇಳಿಜಾರೂ ಹೀಗೆಯೇ ಗುಟ್ಟು ರಟ್ಟು ಮಾಡುತ್ತದೆ. ಮುಂಬದಿಯಲ್ಲಿ ಕೀಲಿರುವ ಮುಚ್ಚಳದ ಬೈಕನ್ನು 10 ಡಿಗ್ರಿ ಏರಿನಲ್ಲಿ ಮೂತಿ ಮೇಲಾಗಿ ನಿಲ್ಲಿಸಿದರೆ, 60 ಡಿಗ್ರಿ ತೆರೆದ ಮುಚ್ಚಳ ನೆಲಮಟ್ಟಕ್ಕೆ ಹೋಲಿಸಿದರೆ ಎದ್ದಿರುವುದು 50 ಡಿಗ್ರಿ ಮಾತ್ರ. ತೂಕದ ತಿರುಗುಬಲ ಶೇಕಡ 29ರಷ್ಟು ಹೆಚ್ಚಿರುತ್ತದೆ. ಆದ್ದರಿಂದ ಪರೀಕ್ಷೆಗೆ ಸಮತಟ್ಟಾದ ನೆಲವೇ ಆಗಬೇಕು.

ಇನ್ನು ಕೊಕ್ಕೆಯೇ ಬಿಡದ ಪ್ರಕರಣ. ಅಗಲ ಮುಚ್ಚಳಗಳಿಗೆ ಸಾಮಾನ್ಯವಾಗಿ ಎಡಕ್ಕೊಂದು ಬಲಕ್ಕೊಂದು ಕೊಕ್ಕೆ ಇರುತ್ತವೆ, ಎರಡನ್ನೂ ಒಂದೇ ಲೀವರ್ ಕೇಬಲ್‌ಗಳ ಮೂಲಕ ಎಳೆಯುತ್ತದೆ. ಬ್ರೇಕ್ ಮತ್ತು ಕ್ಲಚ್‌ಗಳಲ್ಲಿ ನಾವು ಕಾಣುವ, ಹೊರಗೆ ಕವಚ ಒಳಗೆ ಉಕ್ಕಿನ ಎಳೆ ಇರುವ ಈ ಕೇಬಲ್‌ಗೆ ಅರ್ನೆಸ್ಟ್ ಬೌಡನ್ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದದ್ದು 1896ರಲ್ಲಿ. ಎಳೆ ಎಷ್ಟು ಮುಖ್ಯವೋ ಕವಚವೂ ಅಷ್ಟೇ ಮುಖ್ಯ ಎನ್ನುವುದು ಇದರ ಜಾಣತನ: ಎಳೆ ಕವಚಕ್ಕೆ ಹೋಲಿಸಿದರೆ ಎಷ್ಟು ಸರಿಯುತ್ತದೋ ಅಷ್ಟು ಮಾತ್ರ ಕೊಕ್ಕೆಗೆ ತಲಪುತ್ತದೆ. ಕವಚದ ತುದಿ ತನ್ನ ಗೂಡಿನಿಂದ ಎರಡು ಮೂರು ಮಿಲಿಮೀಟರ್ ಜಾರಿದರೂ ಅಷ್ಟು ಎಳೆತ ನಷ್ಟವಾಗುತ್ತದೆ; ಒಂದು ಕೊಕ್ಕೆ ಬಿಟ್ಟು ಇನ್ನೊಂದು ಅಲ್ಲೇ ಕಚ್ಚಿಕೊಂಡಿರುತ್ತದೆ. ಆಗ ಮುಚ್ಚಳ ಒಂದು ಮೂಲೆಯಲ್ಲಿ ಎದ್ದು ಸೊಟ್ಟಗಾಗಿ, ಬಿಡದ ಕೊಕ್ಕೆಯ ಮೇಲೆ ಇನ್ನಷ್ಟು ಭಾರ ಬೀಳುತ್ತದೆ. ಮೇಲಕ್ಕೆ ಜಗ್ಗಿದಷ್ಟೂ ಅದು ಬಿಗಿಯುತ್ತದೆ. ಇಲ್ಲಿ ಕೈ ಮಾಡಬೇಕಾದುದು ಸಹಜ ಪ್ರವೃತ್ತಿಗೆ ಪೂರ್ತಿ ವಿರುದ್ಧವಾದ ಕೆಲಸ: ಕಚ್ಚಿಕೊಂಡ ಮೂಲೆಯನ್ನು ಅಂಗೈಯಿಂದ ಕೆಳಕ್ಕೆ ಒತ್ತಿ, ಕೊಕ್ಕೆಯ ಮೇಲಿನ ಭಾರವನ್ನು ಇಳಿಸಿ, ಅದೇ ಕ್ಷಣದಲ್ಲಿ ಲೀವರ್ ಎಳೆಯಬೇಕು. ಸ್ಕ್ರೂ ಡ್ರೈವರ್ ತೂರಿಸಿ ಮೀಟುವವರು ಲಾಕನ್ನು ಉಳಿಸಿಕೊಂಡರೂ ಮುಚ್ಚಳದ ಅಂಚನ್ನು ಕಳೆದುಕೊಳ್ಳುತ್ತಾರೆ.

ಕೇಬಲ್ ತುಂಡಾಗದೆಯೂ ಬಲ ಮಾಯವಾಗಬಲ್ಲದು. ಗೂಟಕ್ಕೆ ಒಂದೆರಡು ಸುತ್ತು ಹಾಕಿದ ಹಗ್ಗ ಎತ್ತಿನ ಎಳೆತವನ್ನೂ ತಡೆದು ನಿಲ್ಲಿಸುತ್ತದಲ್ಲ, ಬಾಗಿದ ಕವಚದೊಳಗಿನ ಎಳೆಯದೂ ಅದೇ ಕಥೆ. ಆಯ್ಲರ್ ಮತ್ತು ಐಟೆಲ್‌ವೈನ್ ಹೆಸರಿನಲ್ಲಿರುವ ಸೂತ್ರದ ಪ್ರಕಾರ ನಷ್ಟವನ್ನು ನಿರ್ಧರಿಸುವುದು ಬಾಗುಗಳ ಒಟ್ಟು ಕೋನ ಮತ್ತು ಘರ್ಷಣಾಂಕ, ಅಂದರೆ ಎಳೆಗೂ ಕವಚಕ್ಕೂ ನಡುವಿನ ಉಜ್ಜಾಟ ಎಷ್ಟೆಂದು ಹೇಳುವ ಸಂಖ್ಯೆ; ಕೇಬಲ್ಲಿನ ಉದ್ದ ಅಲ್ಲವೇ ಅಲ್ಲ. ಒಟ್ಟು ಬಾಗು 180 ಡಿಗ್ರಿ, ಘರ್ಷಣಾಂಕ 0.15 ಇದ್ದರೆ ಲೀವರಿನಲ್ಲಿ ಹಾಕಿದ 40 ನ್ಯೂಟನ್‌ನಲ್ಲಿ ಕೊಕ್ಕೆಗೆ ಸಿಗುವುದು 25. ಗ್ರೀಸ್ ಒಣಗಿ, ಧೂಳು ಸೇರಿ, ಘರ್ಷಣಾಂಕ 0.3 ಆದರೆ ಸಿಗುವುದು 16ಕ್ಕಿಂತಲೂ ಕಡಿಮೆ. ಯಾರೋ ಟ್ರಂಕಿನ ಒಳಹೊದಿಕೆ ತೆಗೆದು ಹಾಕುವಾಗ ಕೇಬಲ್ಲಿಗೆ ಒಂದು ಸುರುಳಿ ಹೆಚ್ಚು ಸುತ್ತಿಟ್ಟರೆ ಪಾಡು ಇನ್ನೂ ಕಷ್ಟ. ಬಾಗುಗಳನ್ನು ಸಡಿಲವಾಗಿ, ಅಗಲವಾಗಿ ಹರಡುವುದರಿಂದ ಮಡಿಕೆ ಬೀಳುವುದು ತಪ್ಪುತ್ತದೆ, ಅನಗತ್ಯ ಬಾಗುಗಳನ್ನು ತೆಗೆದುಹಾಕಿದರೆ ಬಲ ಉಳಿಯುತ್ತದೆ.

ಕೇಬಲ್ ಸರಿಯಿದ್ದೂ ಕೊಕ್ಕೆ ತೊಂದರೆ ಕೊಟ್ಟರೆ ಅದು ಹಿಡಿಯುವ ಕಂಬಿಯನ್ನು ನೋಡಬೇಕು. ಟ್ರಂಕುಗಳಿಗೆ ಹೆಚ್ಚಾಗಿ ಬಳಸುವ ಎಬಿಎಸ್ ಪ್ಲಾಸ್ಟಿಕ್ ಬಿಸಿಲಿಗೆ ಉಕ್ಕಿಗಿಂತ ಆರೇಳು ಪಟ್ಟು ಹೆಚ್ಚು ಹಿಗ್ಗುತ್ತದೆ. ಅರ್ಧ ಮೀಟರ್ ಅಗಲದ ಮುಚ್ಚಳ 30 ಡಿಗ್ರಿ ಕಾದರೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚೇ ಬೆಳೆಯುತ್ತದೆ. ಕಂಬಿ ಮೊದಲೇ ಪಕ್ಕಕ್ಕೆ ಸರಿದಿದ್ದರೆ ಇಷ್ಟೇ ಸಾಕು, ಕೊಕ್ಕೆ ಅದರ ಮಗ್ಗುಲಿಗೆ ಉಜ್ಜತೊಡಗುತ್ತದೆ. ಹತ್ತಿರ ಹೋಗಿ ನೋಡಿದರೆ ಪುರಾವೆ ಅಲ್ಲೇ ಇರುತ್ತದೆ: ಸರಿಯಾಗಿ ಕೂರುವ ಕಂಬಿಯಲ್ಲಿ ಹೊಳೆಯುವ ಗುರುತು ನಡುಮಧ್ಯೆ ಇದ್ದರೆ, ತಪ್ಪಿದ್ದರಲ್ಲಿ ಒಂದು ಬದಿಗೆ ವಾಲಿ, ಅಂಚಿನಲ್ಲಿ ಬಣ್ಣ ಕೆರೆದು ಲೋಹ ಕಾಣುತ್ತದೆ. ಕಂಬಿಯ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ, ಮುಚ್ಚಳವನ್ನು ಮೆಲ್ಲಗೆ ಮುಚ್ಚಿ ಕೊಕ್ಕೆಗೇ ಅದರ ಸ್ಥಾನ ಹುಡುಕಿಕೊಳ್ಳಲು ಬಿಟ್ಟು, ಮತ್ತೆ ತೆರೆದು ಬಿಗಿಯುವುದು ಒಳ್ಳೆಯ ಉಪಾಯ.

ಅಂಚಿನ ಸುತ್ತಲಿನ ರಬ್ಬರ್ ಬೀಡಿಂಗ್ ಕೂಡ ಈ ಜಗಳದಲ್ಲಿ ಪಾಲುದಾರ. ಧೂಳು, ಮೇಣ ಸೇರಿ ಅಂಟಿಕೊಂಡರೆ ಕೊಕ್ಕೆ ಬಿಟ್ಟರೂ ಮುಚ್ಚಳ ಚಿಮ್ಮುವುದಿಲ್ಲ. ತೊಳೆದು ಒರೆಸಿ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಬೇಕು. ಇಂಥ ಬೀಡಿಂಗ್‌ಗಳಿಗೆ ಬಳಸುವ ಇಪಿಡಿಎಂ ರಬ್ಬರ್ ಪೆಟ್ರೋಲಿಯಂ ಗ್ರೀಸ್ ತಾಗಿದರೆ ಉಬ್ಬಿ ಹಾಳಾಗುತ್ತದೆ. ಬೆಟ್ಟದಿಂದ ಇಳಿದ ಮೇಲೆ ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗಿ ಮುಚ್ಚಳ ಹೀರಿಕೊಂಡಂತಾಗುವುದೂ ಉಂಟು. ವ್ಯತ್ಯಾಸ ವಾತಾವರಣದ ಒತ್ತಡದ ನೂರರಲ್ಲೊಂದು ಪಾಲಿದ್ದರೂ, 0.2 ಚದರ ಮೀಟರ್ ಮುಚ್ಚಳದ ಮೇಲೆ ಅದು 200 ನ್ಯೂಟನ್ ಆಗುತ್ತದೆ. ಪುಣ್ಯಕ್ಕೆ ಯಾವ ಟ್ರಂಕೂ ಅಷ್ಟು ಭದ್ರವಾಗಿ ಮುಚ್ಚಿಕೊಳ್ಳುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿ ಗಾಳಿ ನುಸುಳಿ ಸಮವಾಗುತ್ತದೆ.

ಗುಂಡಿ ಒತ್ತಿ ತೆರೆಯುವ ಟ್ರಂಕಾದರೆ ಬ್ಯಾಟರಿಯನ್ನೂ ನೋಡಿ. ಅದರಲ್ಲಿ ಕೊಕ್ಕೆಯನ್ನು ಎಳೆಯುವ ವಿದ್ಯುತ್ಕಾಂತ ಸುರುಳಿಯಾದ ಸೊಲೆನಾಯ್ಡ್‌ನ ಎಳೆತ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, 12.6 ವೋಲ್ಟ್ 10ಕ್ಕೆ ಇಳಿದರೆ ಬಲ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕುಸಿಯುತ್ತದೆ. ‘ಟಿಕ್’ ಎಂದು ಕ್ಷೀಣ ಸದ್ದು ಬಂದು ಕೊಕ್ಕೆ ಬಿಡದಿದ್ದರೆ ಮೊದಲ ಅನುಮಾನ ಇಲ್ಲಿಗೇ ಹೋಗಬೇಕು.

ಇಷ್ಟೆಲ್ಲ ನೋಡಿದ ಮೇಲೆ ಸ್ಟ್ರಟ್ಟೇ ತಪ್ಪಿತಸ್ಥ ಎಂದು ಖಚಿತವಾದರೆ ಬದಲಿಸುವುದು ಹತ್ತು ನಿಮಿಷದ ಕೆಲಸ. ಕೊಳವೆಯ ಮೇಲೆ ಅಚ್ಚಾದ ನ್ಯೂಟನ್ ಸಂಖ್ಯೆ, ಪೂರ್ತಿ ಚಾಚಿದಾಗಿನ ಉದ್ದ, ರಾಡ್ ಒಳಸರಿಯುವ ದೂರ, ತುದಿಯ ಗುಂಡಿನ ವ್ಯಾಸ ಇವು ಹೊಂದಬೇಕು. ಉದ್ದ ಹೆಚ್ಚಾದರೆ ಕೀಲಿನ ಬುಡದ ಪ್ಲಾಸ್ಟಿಕ್ ಸೀಳುತ್ತದೆ. ಬಲ ಬೇಕಾದ್ದಕ್ಕಿಂತ ಬಹಳ ಹೆಚ್ಚಾದರೆ, ಸ್ಟ್ರಟ್ ಇರುವ ಬದಿ ಮಾತ್ರ ಉಬ್ಬಿ ಮುಚ್ಚಳ ತಿರುಚಿಕೊಳ್ಳುತ್ತದೆ, ಅಲ್ಲಿಂದ ಕೊಕ್ಕೆಯ ತೊಂದರೆ ಹೊಸದಾಗಿ ಹುಟ್ಟುತ್ತದೆ. ಮುಚ್ಚಳಕ್ಕೆ ಹೋಗುವ ತಂತಿಗಳು ಪೂರ್ತಿ ತೆರೆದಾಗಲೂ ಬಿಗಿಯಾಗದಂತೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಬೇಕು. ಮುಚ್ಚಿದ ಸ್ಥಿತಿಯಲ್ಲಿ ರಾಡ್ ಕೆಳಮುಖವಾಗಿರುವಂತೆ ಕೂರಿಸಿದರೆ ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಅದನ್ನು ಒಣಗಲು ಬಿಡುವುದಿಲ್ಲ. ಬಿಚ್ಚಿದ ಹಳೆಯ ಸ್ಟ್ರಟ್ ಮುಚ್ಚಳವನ್ನು ಎತ್ತಲಾರದಷ್ಟು ಸೋತಿದ್ದರೂ ಅದರೊಳಗೆ ಇನ್ನೂ ಹಲವು ಹತ್ತು ಬಾರ್ ಒತ್ತಡ ಉಳಿದಿರುತ್ತದೆ. ಅದನ್ನು ಕೊರೆಯುವುದಾಗಲಿ, ಬೆಂಕಿಗೆ ಹಾಕುವುದಾಗಲಿ ಕೂಡದು.