ಪಹಣಿ ಕೌಂಟರಿನ ಎರಡನೇ ಪರದೆ

ತಾಲ್ಲೂಕು ಕಚೇರಿಯ ಪಹಣಿ ಕೌಂಟರ್. ಸಿಬ್ಬಂದಿಯ ಮುಂದೆ ಒಂದು ಪರದೆ, ರೈತನ ಕಡೆಗೆ ಮುಖ ಮಾಡಿದ ಇನ್ನೊಂದು. ಒಳಗೆ ಟೈಪಾಗಿದ್ದು ಹೊರಗೂ ಕಾಣುತ್ತದೆ. ಸರ್ವೆ ನಂಬರ್ ತಪ್ಪಿದರೆ "ಅದಲ್ಲ ಸಾರ್, ಅದರ ಪಕ್ಕದ್ದು" ಅನ್ನಬಹುದು. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಕರ್ನಾಟಕದ 'ಭೂಮಿ' ಯೋಜನೆ ಶುರುವಾದಾಗ ಮಾಡಿದ ಏರ್ಪಾಡಿದು. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹತ್ತಿದವು. ಆಗ ಒಂದು ಪ್ರತಿಗೆ 15 ರೂಪಾಯಿ.

ಇಂಥ ಕೆಲಸಕ್ಕೆ ಆಡಳಿತಶಾಸ್ತ್ರದಲ್ಲಿ ಒಂದು ಹೆಸರಿದೆ: ವಿನ್ಯಾಸ ವಿಜ್ಞಾನ. ಇದರ ಬೇರು ಅಮೆರಿಕದ ಆಡಳಿತ ಚಿಂತಕ ಹರ್ಬರ್ಟ್ ಸೈಮನ್. ಆಡಳಿತದ ಸೂತ್ರಗಳೆಲ್ಲ ಗಾದೆಗಳಂತಿವೆ ಎಂದು 1946ರಲ್ಲೇ ಅವರು ಛೇಡಿಸಿದ್ದರು. ನಮ್ಮಲ್ಲೂ ಹಾಗೇ ಅಲ್ವಾ? 'ತಾಳಿದವನು ಬಾಳಿಯಾನು' ಅನ್ನುತ್ತೇವೆ, 'ನಾಳೆ ಎಂದವನ ಮನೆ ಹಾಳು' ಅಂತಲೂ ಅನ್ನುತ್ತೇವೆ. ಆಡಳಿತದ ಸೂತ್ರಗಳೂ ಹೀಗೇ: ಒಬ್ಬ ಅಧಿಕಾರಿಯ ಕೈಕೆಳಗೆ ಜನ ಕಡಿಮೆ ಇರಬೇಕು, ಫೈಲು ದಾಟುವ ಮೇಜುಗಳೂ ಕಡಿಮೆ ಇರಬೇಕು. ಕೈಕೆಳಗಿನ ಜನ ಕಡಿಮೆಯಾದಷ್ಟೂ ನಡುವಿನ ಹಂತಗಳು ಹೆಚ್ಚುತ್ತವೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ? 1969ರ ಹೊತ್ತಿಗೆ ಸೈಮನ್ ಇನ್ನೊಂದು ಮಾತು ಸೇರಿಸಿದರು: ಇರುವ ಸ್ಥಿತಿಯನ್ನು ಬೇಕಾದ ಸ್ಥಿತಿಗೆ ತರಲು ಉಪಾಯ ಹೂಡುವವರೆಲ್ಲ ವಿನ್ಯಾಸಕಾರರೇ.

ನನಗೆ ಇಷ್ಟವಾಗುವುದು ಈ ವಿನ್ಯಾಸ ವಿಜ್ಞಾನದ ನೇರತನ. 'ಭ್ರಷ್ಟಾಚಾರ ಯಾಕಿದೆ' ಅಂತ ಸುಮ್ನೆ ಚರ್ಚಿಸುತ್ತಾ ಕೂರುವುದಿಲ್ಲ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆಯಬೇಕು ಎಂದು ಸಾಫ್ಟ್‌ವೇರಿನಲ್ಲೇ ಕಟ್ಟಿಬಿಡುತ್ತದೆ. ಸರದಿ ಹಾರಿಸುವುದು ಕಷ್ಟವಾದರೆ ಅದಕ್ಕೆ ಕೊಡುವ ಕಾಸಿಗೂ ಬೆಲೆಯಿಲ್ಲ. ಉಪಾಯ ಫಲಿಸಿತೋ ಇಲ್ಲವೋ ಅನ್ನುವುದು ಕೌಂಟರಿನಲ್ಲೇ ಗೊತ್ತಾಗುತ್ತದೆ.

ಆದರೆ 'ಬೇಕಾದ ಸ್ಥಿತಿ' ಅಂದರಲ್ಲ, ಯಾರಿಗೆ ಬೇಕಾದದ್ದು? ಒಂದು ಮನೆಯಲ್ಲಿ ಅಜ್ಜ ತೀರಿಹೋಗಿ ಎಷ್ಟೋ ವರ್ಷವಾಗಿದೆ. ಪಹಣಿ ಇನ್ನೂ ಅವನ ಹೆಸರಿನಲ್ಲೇ ಇದೆ. ಅದನ್ನು ವಾರಸುದಾರರ ಹೆಸರಿಗೆ ಬದಲಿಸಲು ಪೌತಿ ಖಾತೆಗೆ ಅರ್ಜಿ ಹಾಕಬೇಕು. ತಂಗಿ ಹಕ್ಕುಬಿಡುಗಡೆ ಪತ್ರ ಬರೆದುಕೊಟ್ಟರೆ ಸಾಕು ಅನ್ನುತ್ತಾನೆ ಅಣ್ಣ. ತನ್ನ ಹೆಸರೂ ಪಹಣಿಯಲ್ಲಿ ಬರಬೇಕು ಅನ್ನುತ್ತಾಳೆ ತಂಗಿ. ಇದು ಸರದಿಯ ಸಮಸ್ಯೆಯಲ್ಲ. ಇಂಥವನ್ನು ವಿನ್ಯಾಸ ಮತ್ತು ನಗರ ಯೋಜನೆಯ ಚಿಂತಕರಾದ ರಿಟೆಲ್ ಮತ್ತು ವೆಬರ್ 1973ರಲ್ಲಿ 'ವಿಕೆಡ್', ಅಂದರೆ ಹಟಮಾರಿ, ಸಮಸ್ಯೆಗಳು ಎಂದು ಕರೆದರು. ಸಮಸ್ಯೆ ಏನು ಅನ್ನುವುದರಲ್ಲೇ ಜಗಳ, ಹಾಗಾಗಿ ಸರಿಯುತ್ತರವೂ ಇಲ್ಲ. ಒಮ್ಮೆ ಕೈ ಹಾಕಿದರೆ ಅಳಿಸಿ ಮತ್ತೆ ಶುರುಮಾಡುವಂತೆಯೂ ಇಲ್ಲ.

ಅಷ್ಟರಮಟ್ಟಿಗೆ ಎರಡನೇ ಪರದೆ ಪ್ರಾಮಾಣಿಕ. ಅಣ್ಣ ನೋಡಿದರೂ ತಂಗಿ ನೋಡಿದರೂ ಅದು ತೋರಿಸುವುದು ಅಜ್ಜನ ಹೆಸರನ್ನೇ.