ಟೈಪ್ ಸಿ ಕನೆಕ್ಟರ್: ತುದಿ ಕೂತರೆ ಸಾಲದು

ನಮ್ಮ ಕುಮಟಾದ ಅಂಗಡಿಗೆ ಒಂದು ಬಗೆಯ ಗಿರಾಕಿಗಳು ಬರುತ್ತಲೇ ಇರುತ್ತಾರೆ. ದುಂಡು ಪಿನ್ನಿನ ಹೆಡ್‌ಫೋನನ್ನು ಫೋನಿನ ಟೈಪ್ ಸಿ ಚಾರ್ಜಿಂಗ್ ಪೋರ್ಟಿಗೆ ಸೇರಿಸುವ ಸಣ್ಣ ಕನೆಕ್ಟರ್ ಇದೆಯಲ್ಲ, ಅಂಥ ಎರಡು ಮೂರನ್ನು ಕೌಂಟರ್ ಮೇಲೆ ಸುರಿದು, ‘ಎಲ್ಲಾ ಡೂಪ್ಲಿಕೇಟ್, ಒಂದರಲ್ಲೂ ಹೆಡ್‌ಫೋನ್ ಕೇಳಲ್ಲ’ ಎನ್ನುತ್ತಾರೆ. ಕೆಲವರು ಅಷ್ಟರೊಳಗೆ ಚೆನ್ನಾಗಿದ್ದ ಇಯರ್‌ಫೋನನ್ನೂ ಎಸೆದಿರುತ್ತಾರೆ. ಇನ್ನು ಕೆಲವರದು ಚಾರ್ಜಿಂಗ್ ಬೋರ್ಡೇ ಬದಲಿಸಿ ಅಂತ ಹಠ. ಬದಲಿಸಿದರೆ ನನಗೆ ದುಡ್ಡು ಬರುತ್ತದೆ, ನಿಮಗೆ ಸೌಂಡ್ ಬರುವುದಿಲ್ಲ.

ಈ ಕನೆಕ್ಟರ್‌ಗಳಲ್ಲಿ ಎರಡು ಜಾತಿ. ಹೊರಗಿಂದ ಗುರುತೇ ಸಿಗುವುದಿಲ್ಲ. ಫೋನಿನೊಳಗೆ ಹಾಡು ಇರುವುದು ಅಂಕಿಗಳಾಗಿ. ಹೆಡ್‌ಫೋನಿಗೆ ಬೇಕಾದದ್ದು ಏರಿಳಿಯುವ ಕರೆಂಟು, ಅಂದರೆ ಅನಲಾಗ್ ಸಿಗ್ನಲ್. ಅಂಕಿಯನ್ನು ಹಾಗೆ ಮಾರ್ಪಡಿಸುವ ಚಿಪ್ಪಿಗೆ ಡ್ಯಾಕ್ ಅನ್ನುತ್ತೇವೆ. ಕೆಲವು ಫೋನುಗಳು ಆ ಕೆಲಸವನ್ನು ಒಳಗೇ ಮುಗಿಸಿ, ತಯಾರಾದ ಸಿಗ್ನಲ್ಲನ್ನು ಟೈಪ್ ಸಿ ಪಿನ್ನುಗಳಲ್ಲಿ ಹೊರಗೆ ಬಿಡುತ್ತವೆ. ಅವಕ್ಕೆ ಬರೀ ತಂತಿ ಇರುವ ಅಗ್ಗದ ಕನೆಕ್ಟರ್ ಸಾಕು. ಉಳಿದವು ಅಂಕಿಗಳನ್ನೇ ಹೊರಗೆ ತಳ್ಳುತ್ತವೆ. ಅವಕ್ಕೆ ಕನೆಕ್ಟರ್ ಒಳಗೇ ಡ್ಯಾಕ್ ಬೇಕು. ಒಬ್ಬರು ಅಕ್ಕಿ ಕೊಡುತ್ತಾರೆ, ಇನ್ನೊಬ್ಬರು ಭತ್ತ ಕೊಡುತ್ತಾರೆ. ಭತ್ತ ಕೊಟ್ಟರೆ ನಡುವೆ ಗಿರಣಿ ಬೇಕಲ್ವಾ?

ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್20, ಗೂಗಲ್ ಪಿಕ್ಸೆಲ್, 2023ರಲ್ಲಿ ಟೈಪ್ ಸಿಗೆ ಬದಲಾದ ಐಫೋನ್ 15, ಇವೆಲ್ಲ ಭತ್ತ ಕೊಡುವ ಜಾತಿ. ಬರೀ ತಂತಿಯ ಕನೆಕ್ಟರ್ ಎಷ್ಟು ಗಟ್ಟಿಯಾಗಿ ಕೂತರೂ ಕಿವಿಗೆ ಏನೂ ಬರುವುದಿಲ್ಲ. ಫೋನೂ ಸರಿ, ಹೆಡ್‌ಫೋನೂ ಸರಿ, ಕನೆಕ್ಟರೂ ಸರಿ. ಮೂರಕ್ಕೂ ಹೊಂದಾಣಿಕೆ ಇಲ್ಲ, ಅಷ್ಟೇ. ಅಣ್ಣನ ಫೋನಿನಲ್ಲಿ ಕೇಳುತ್ತದಲ್ಲ ಅಂತ ಕೇಳಬೇಡಿ. ಅಣ್ಣನದು ಬೇರೆ ಫೋನು.

ಡ್ಯಾಕ್ ಇರುವುದನ್ನೇ ಕೊಳ್ಳಿ, ಬಹುತೇಕ ಫೋನುಗಳಲ್ಲಿ ನಡೆಯುತ್ತದೆ. ಎಲ್ಲದರಲ್ಲೂ ಅಂತ ನಾನು ಗ್ಯಾರಂಟಿ ಬರೆದುಕೊಡುವುದಿಲ್ಲ. ಕೈಯಲ್ಲಿರುವುದು ಯಾವ ಜಾತಿ ಅಂತ ಅನುಮಾನವಿದ್ದರೆ ಹೆಡ್‌ಫೋನ್ ಸಮೇತ ಲ್ಯಾಪ್‌ಟಾಪಿನ ಟೈಪ್ ಸಿಗೆ ಚುಚ್ಚಿ. ಸೌಂಡ್ ಸೆಟ್ಟಿಂಗಿನಲ್ಲಿ ಹೊಸ ಹೆಸರು ಕಂಡರೆ ಡ್ಯಾಕ್ ಇದೆ.

ಹೊನ್ನಾವರ ಕಡೆಯ ಹೆಗಡೇರೊಬ್ಬರು ತಾಳಮದ್ದಳೆ ಕೇಳಲೆಂದೇ ದೊಡ್ಡ ಹೆಡ್‌ಫೋನ್ ಇಟ್ಟುಕೊಂಡಿದ್ದಾರೆ. ಬ್ಲೂಟೂತ್ ಅಂದರೆ ಆಗದು, ಅದಕ್ಕೂ ಚಾರ್ಜ್ ಮಾಡುತ್ತ ಕೂರಬೇಕಲ್ಲ ಅಂತ. ಅವರ ಕನೆಕ್ಟರಿನಲ್ಲಿ ಡ್ಯಾಕ್ ಇತ್ತು, ಫೋನಿನಲ್ಲಿ ಒಟಿಜಿ, ಅಂದರೆ ಪೋರ್ಟಿಗೆ ಚುಚ್ಚಿದ ಸಾಧನವನ್ನು ಫೋನ್ ಬಳಸಿಕೊಳ್ಳಲು ಬಿಡುವ ಸೆಟ್ಟಿಂಗ್, ಆಫ್ ಆಗಿತ್ತು. ಆನ್ ಮಾಡಿಕೊಟ್ಟೆ, ಖುಷಿಯಿಂದ ಹೋದರು. ಮರುದಿನ ಮತ್ತೆ ಹಾಜರು. ‘ತಮಾ, ತೆಗೆದಿಟ್ಟು ಚಾ ಕುಡಿದು ಬಂದ್ರೆ ಭಾಗವತ್ರ ಧ್ವನಿನೇ ಇಲ್ಲೆ!’ ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್‌ನ ಹಲವು ಮಾಡೆಲ್‌ಗಳಲ್ಲಿ 10 ನಿಮಿಷ ಬಳಸದಿದ್ದರೆ ಒಟಿಜಿ ತಾನೇ ಮುಚ್ಚಿಕೊಳ್ಳುತ್ತದೆ. ಈಗ ಆ ಬಟನ್ನು ಎಲ್ಲಿದೆ ಅಂತ ಮೊಮ್ಮಗನಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಮಳೆಗಾಲದಲ್ಲಿ ಇನ್ನೊಂದು ರಗಳೆ. ಕರಾವಳಿಯ ಉಪ್ಪುಗಾಳಿಗೆ ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು ಹತ್ತುತ್ತದೆ. ಪೋರ್ಟಿನೊಳಗೆ ಜೇಬಿನ ನೂಲುಧೂಳು ಗಟ್ಟಿಯಾಗಿ ಕೂರುತ್ತದೆ. ಆಗ ಒಂದೇ ಕಿವಿಗೆ ಕೇಳುವುದು, ಅಲುಗಾಡಿಸಿದರೆ ಬರುವುದು ಎಲ್ಲ ಶುರು. ದಯವಿಟ್ಟು ಸೇಫ್ಟಿ ಪಿನ್ ಹಾಕಿ ಕೆರೆಯಬೇಡಿ. ನಡುವಿನ ಸಣ್ಣ ನಾಲಿಗೆ ಮುರಿದರೆ ಚಾರ್ಜಿಂಗೂ ಹೋಯಿತು. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಲ್ಲಿ ಮೆಲ್ಲಗೆ ತೆಗೆಯಿರಿ, ಇಲ್ಲವೇ ಅಂಗಡಿಗೆ ತನ್ನಿ.

ಕನೆಕ್ಟರ್ ಕೊಳ್ಳಲು ಬರುವಾಗ ಫೋನನ್ನೂ ಹೆಡ್‌ಫೋನನ್ನೂ ಜೊತೆಗೆ ತನ್ನಿ. ಅಂಗಡಿಯಲ್ಲೇ ಚುಚ್ಚಿ, ಒಂದು ಹಾಡು ಕೇಳಿ, ಯಾರಿಗಾದರೂ ಕಾಲ್ ಮಾಡಿ ಮೈಕನ್ನೂ ನೋಡಿ. ದುಡ್ಡು ಆಮೇಲೆ ಕೊಡಿ.