ಹತ್ತಿ ಸುದ್ದಿಗೆ ಸೀರೆ ಜಾಹೀರಾತು ಯಾಕೆ ಬರುತ್ತದೆ?

ರಾಯಚೂರು ಕಡೆಯ ರೈತರೊಬ್ಬರು ಮೊಬೈಲ್‌ನಲ್ಲಿ ಹತ್ತಿಯ ಗುಲಾಬಿ ಕಾಯಿಕೊರಕ ಹುಳದ ಬಗ್ಗೆ ಓದುತ್ತಿದ್ದಾರೆ ಅಂದುಕೊಳ್ಳಿ. ನಡುವೆ ಒಂದು ಜಾಹೀರಾತು ಬರುತ್ತದೆ. ಅದು ಈ ಹುಳದ ಪತಂಗಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆಯದ್ದಾದರೆ ರೈತರಿಗೂ ಉಪಯೋಗ, ಬಲೆ ಮಾರುವವರಿಗೂ ವ್ಯಾಪಾರ, ಬರಹ ಹಾಕಿದವರಿಗೂ ನಾಲ್ಕು ಕಾಸು. ಆದರೆ ಜಾಹೀರಾತು ಆರಿಸುವ ಯಂತ್ರ ‘ಹತ್ತಿ’ಯನ್ನಷ್ಟೇ ಹಿಡಿದರೆ ಕಾಟನ್ ಸೀರೆ ಬರುತ್ತದೆ. ‘ಗುಲಾಬಿ’ಯನ್ನು ಹಿಡಿದರೆ ಹೂಗಿಡದ ನರ್ಸರಿ. ಎರಡೂ ಹಿಡಿಯದಿದ್ದರೆ ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್. ಕನ್ನಡದಲ್ಲಿ ಓದುವವರಿಗೆ ಈ ಮೂರನೆಯದು ಚೆನ್ನಾಗಿ ಗೊತ್ತು, ಅಲ್ವಾ?

ಓದುತ್ತಿರುವ ವಿಷಯಕ್ಕೆ ತಕ್ಕ ಜಾಹೀರಾತು ಹಾಕುವ ಕೆಲಸ ಶುರುವಾಗಿ ಇಪ್ಪತ್ತು ವರ್ಷ ದಾಟಿದೆ. ವೆಬ್ ಜಾಹೀರಾತಿನ ಶುರುವಿನಲ್ಲಿ ಇಂಥ ಹೊಂದಾಣಿಕೆ ಇರಲಿಲ್ಲ. 1994ರ ಅಕ್ಟೋಬರ್ 27ರಂದು ಅಮೆರಿಕದ ಹಾಟ್‌ವೈರ್ಡ್ ತಾಣದಲ್ಲಿ ಎಟಿ ಆ್ಯಂಡ್ ಟಿ ಕಂಪನಿಯ ಬ್ಯಾನರ್ ಬಂತು. ರಸ್ತೆ ಬದಿಯ ಫ್ಲೆಕ್ಸ್ ಹಾಗೆ, ಬಂದವರಿಗೆಲ್ಲ ಒಂದೇ. 2000ರಲ್ಲಿ ಗೂಗಲ್ ಆ್ಯಡ್‌ವರ್ಡ್ಸ್ ಶುರು ಮಾಡಿತು. ಅಲ್ಲಿ ಕೆಲಸ ಸುಲಭ. ಹುಡುಕುವವರೇ ತಮಗೆ ಬೇಕಾದದ್ದನ್ನು ಟೈಪ್ ಮಾಡಿರುತ್ತಾರೆ, ಆ ಪದಕ್ಕೆ ಹಣ ಕಟ್ಟಿದವರ ಜಾಹೀರಾತು ತೋರಿಸಿದರೆ ಆಯಿತು.

ವೆಬ್‌ಪುಟ ಹಾಗಲ್ಲ. ಅದರಲ್ಲಿ ಸಾವಿರ ಪದ ಇರುತ್ತವೆ, ಯಾವುದು ಮುಖ್ಯ ಅಂತ ಯಾರೂ ಹೇಳಿರುವುದಿಲ್ಲ. ಇದನ್ನು ಬಿಡಿಸಲು 2003ರ ಏಪ್ರಿಲ್‌ನಲ್ಲಿ ಗೂಗಲ್, ಗಿಲಾಡ್ ಎಲ್ಬಾಜ್ ಮತ್ತು ಆಡಮ್ ವೈಸ್‌ಮನ್ ಕಟ್ಟಿದ್ದ ಅಪ್ಲೈಡ್ ಸೆಮ್ಯಾಂಟಿಕ್ಸ್ ಕಂಪನಿಯನ್ನು ಸುಮಾರು 10.2 ಕೋಟಿ ಡಾಲರ್‌ಗೆ ಕೊಂಡಿತು. ಆ ಕಂಪನಿ ಪದಗಳ ನಡುವಿನ ಸಂಬಂಧಗಳ ದೊಡ್ಡ ಜಾಲವನ್ನೇ ಕಟ್ಟಿಟ್ಟುಕೊಂಡಿತ್ತು. ಜೂನ್‌ನಲ್ಲಿ, ಬೇರೆಯವರ ತಾಣಗಳಲ್ಲಿ ಜಾಹೀರಾತು ಹಾಕುವ ಗೂಗಲ್‌ನ ಆ್ಯಡ್‌ಸೆನ್ಸ್ ಹೊರಬಂತು. ಆ ಹೆಸರೂ ಕೊಂಡ ಕಂಪನಿಯಿಂದಲೇ ಬಂದದ್ದು.

ಎಡವಟ್ಟು ಕೂಡ ಅದೇ ವರ್ಷವೇ ಆಯಿತು. ಕೊಲೆ ಮಾಡಿ ದೇಹದ ತುಂಡುಗಳನ್ನು ಸೂಟ್‌ಕೇಸ್‌ನಲ್ಲಿ ತುಂಬಿದ ಸುದ್ದಿಯೊಂದು ನ್ಯೂಯಾರ್ಕ್ ಪೋಸ್ಟ್ ತಾಣದಲ್ಲಿತ್ತು. ಅದರ ಜೊತೆಗೆ ಬಂದದ್ದು ಸೂಟ್‌ಕೇಸ್ ಜಾಹೀರಾತು. ಯಂತ್ರದ ಲೆಕ್ಕದಲ್ಲಿ ಹೊಂದಾಣಿಕೆ ಸರಿಯಾಗಿಯೇ ಇತ್ತು. ಪದಕ್ಕೆ ಪದ ಕೂಡಿತ್ತು.

ಇದು ನಮ್ಮಲ್ಲಿ ಆಗದ್ದೇನಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಆ ಸುದ್ದಿಯನ್ನು ಪದಗಳ ಲೆಕ್ಕದಲ್ಲಷ್ಟೇ ನೋಡಿ: ಗೇಟ್, ಚೈನ್, ನೀರು. ಮನೆ ಗೇಟ್ ಮಾಡಿಕೊಡುವವರು, ಚಿನ್ನದ ಚೈನ್ ಮಾರುವವರು, ನೀರಿನ ಫಿಲ್ಟರ್ ಕಂಪನಿಯವರು ಎಲ್ಲರೂ ಸಾಲಾಗಿ ನಿಲ್ಲಬಹುದು. ಓದುವವರಿಗೋ ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಅನ್ನುವ ಚಿಂತೆ.

ಸಂಶೋಧಕರು ಈ ಗಂಟನ್ನು ಬಿಡಿಸಲು ಕೂತರು. 2005ರಲ್ಲಿ ಬ್ರೆಜಿಲ್‌ನ ಮಿನಾಸ್ ಜೆರೈಸ್ ವಿಶ್ವವಿದ್ಯಾಲಯದ ತಂಡ ಒಂದು ಒಳ್ಳೆಯ ಮಾತು ಹೇಳಿತು. ಬರಹ ಬರೆಯುವವರ ಪದಗಳೇ ಬೇರೆ, ಜಾಹೀರಾತು ಬರೆಯುವವರ ಪದಗಳೇ ಬೇರೆ. ಹಾಗಾಗಿ ಅದೇ ಬಗೆಯ ಬೇರೆ ಪುಟಗಳಿಂದ ಪದಗಳನ್ನು ತಂದು ಈ ಪುಟಕ್ಕೆ ಸೇರಿಸಿ, ಆಮೇಲೆ ಹೋಲಿಸಿ ಅಂದರು. ನಮ್ಮ ಕಡೆಯ ಉದಾಹರಣೆ ತೆಗೆದುಕೊಂಡರೆ ಇದು ಬೇಗ ಅರ್ಥವಾಗುತ್ತದೆ. ರೈತರು ‘ಹುಳ ಬಿದ್ದೈತಿ, ಎಣ್ಣಿ ಹೊಡೀಬೇಕು’ ಅನ್ನುತ್ತಾರೆ. ಕಂಪನಿಯ ಜಾಹೀರಾತಿನಲ್ಲಿ ಇರುವುದು ‘ಕೀಟನಾಶಕ’, ‘ಸಿಂಪಡಣೆ’. ಎರಡೂ ಕೂಡುವುದಿಲ್ಲ. ಬರೀ ಪದ ಹಿಡಿಯುವ ಯಂತ್ರ ಅಡುಗೆ ಎಣ್ಣೆ ತಂದು ನಿಲ್ಲಿಸುತ್ತದೆ. ಔಷಧಿ ಹೊಡೆಯುವ ಬಗ್ಗೆ ಇರುವ ನೂರು ಪುಟ ನೋಡಿದ ಯಂತ್ರಕ್ಕೆ ಹುಳ, ಎಣ್ಣೆ, ಸಿಂಪಡಣೆ ಒಟ್ಟಿಗೆ ಬರುತ್ತವೆ ಅನ್ನುವುದು ಗೊತ್ತಾಗುತ್ತದೆ.

2007ರಲ್ಲಿ ಯಾಹೂ ಸಂಶೋಧಕರು ಇನ್ನೊಂದು ದಾರಿ ತೋರಿಸಿದರು. ಪುಟವನ್ನೂ ಜಾಹೀರಾತನ್ನೂ ಸುಮಾರು 6,000 ವಿಭಾಗಗಳ ಒಂದು ಪಟ್ಟಿಯಲ್ಲಿ ಮೊದಲು ಜೋಡಿಸಬೇಕು. ವಿಭಾಗ ಕೂಡಿದೆಯೇ ನೋಡಿ, ಅದರ ಜೊತೆಗೆ ಪದ ನೋಡಬೇಕು. ಟಾಹೋ ಅನ್ನುವ ಗಾಡಿಯ ಬಗ್ಗೆ ಓದುವವರಿಗೆ ಟಾಹೋ ಸರೋವರದ ಪ್ರವಾಸ ಮಾರಬಾರದು ಅನ್ನುವುದು ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು.

ಆಮೇಲೆ ಗಮನ ಬೇರೆ ಕಡೆ ಹೋಯಿತು. 2009ರ ಮಾರ್ಚ್‌ನಲ್ಲಿ ಗೂಗಲ್ ಓದುಗರ ಆಸಕ್ತಿ ನೋಡಿ ಜಾಹೀರಾತು ಕೊಡಲು ಶುರು ಮಾಡಿತು. ಓದುಗರನ್ನು ಗುರುತಿಸಲು ಬ್ರೌಸರ್‌ನಲ್ಲಿ ಇಡುವ ಸಣ್ಣ ಕಡತವೇ ಕುಕೀ. ಅದನ್ನು ಹಿಂಬಾಲಿಸಿದರೆ ಸಾಕು, ಪುಟದಲ್ಲಿ ಏನಿದೆ ಅಂತ ಕಷ್ಟಪಟ್ಟು ಓದುವ ಅಗತ್ಯ ಕಡಿಮೆಯಾಯಿತು. ನಿನ್ನೆ ನೋಡಿದ ಚಪ್ಪಲಿ ಇವತ್ತು ಹತ್ತಿ ಸುದ್ದಿಯಲ್ಲೂ ಬರುತ್ತದಲ್ಲ, ಅದು ಇದರದ್ದೇ ಫಲ.

ಕನ್ನಡಕ್ಕಂತೂ ಬೇರೆಯೇ ತೊಂದರೆಗಳಿದ್ದವು. ಮೊದಲನೆಯದು, ಯಂತ್ರಕ್ಕೆ ನಮ್ಮ ಅಕ್ಷರವೇ ಕಾಣುತ್ತಿರಲಿಲ್ಲ. ಬೇರೆ ಬೇರೆ ಭಾಷೆಗಳ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗ ಇತ್ತು. ಆದರೂ ಕನ್ನಡ ತಾಣಗಳು ಬಹಳ ಕಾಲ ತಮ್ಮ ತಮ್ಮ ಫಾಂಟ್‌ಗಳಲ್ಲೇ ನಡೆದವು. ನಮ್ಮ ಕಣ್ಣಿಗೆ ಕನ್ನಡ, ಪುಟಗಳನ್ನು ಓದುವ ಗೂಗಲ್‌ನ ಬಾಟ್‌ಗೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಇವತ್ತಿಗೂ ಎಷ್ಟೋ ಸಣ್ಣ ಪತ್ರಿಕೆಗಳು ಹಳೇ ನುಡಿ ಫಾಂಟ್‌ನಲ್ಲಿ ಪುಟ ಕಟ್ಟಿ ಅದನ್ನೇ ಚಿತ್ರ ಮಾಡಿ ಹಾಕುತ್ತವೆ. ಚಿತ್ರದಲ್ಲಿ ಏನಿದೆ ಅಂತ ಜಾಹೀರಾತಿನ ಬಾಟ್ ಹೇಗೆ ತಿಳಿಯಬೇಕು?

ಎರಡನೆಯದು, ಸರದಿಯಲ್ಲಿ ನಾವು ಹಿಂದೆ ಇದ್ದೆವು. ಆ್ಯಡ್‌ಸೆನ್ಸ್ 2014ರ ಡಿಸೆಂಬರ್‌ನಲ್ಲಿ ಹಿಂದಿಗೆ ಬಂತು, 2017ರಲ್ಲಿ ಬಂಗಾಳಿಗೆ, 2018ರಲ್ಲಿ ತಮಿಳಿಗೆ. ಕನ್ನಡ ಆ ಪಟ್ಟಿ ಸೇರಿದ್ದು ಅದಾದ ಮೇಲೆ.

ಮೂರನೆಯದು ಭಾಷೆಯ ಗುಣ. ಇಂಗ್ಲಿಷ್‌ನಲ್ಲಿ ಹತ್ತಿಗೆ ಒಂದೇ ರೂಪ ಸಾಕು. ಕನ್ನಡದಲ್ಲಿ ಹತ್ತಿಯ, ಹತ್ತಿಗೆ, ಹತ್ತಿಯನ್ನು, ಹತ್ತಿಯಲ್ಲೂ ಅಂತ ಬೆಳೆಯುತ್ತಲೇ ಹೋಗುತ್ತದೆ. ಬಾಲ ಕತ್ತರಿಸಿ ಮೂಲ ಹುಡುಕೋಣ ಅಂದರೆ ‘ಹತ್ತಿರ’ ಕೂಡ ಹತ್ತಿಯಾಗಿಬಿಡುತ್ತದೆ. ‘ಬಸ್ ಹತ್ತಿ ಬಂದರು’ ಅನ್ನುವುದೂ ಬೆಳೆ ಸುದ್ದಿಯಾಗುತ್ತದೆ. ಮಾರುಕಟ್ಟೆ ಮಾತಿನಲ್ಲಿ ಅದೇ ಹತ್ತಿ ‘ಅರಳೆ’ಯೂ ಆಗುತ್ತದೆ, ‘ಕಾಟನ್’ ಕೂಡ ಆಗುತ್ತದೆ.

ಈ ಮೂರನೆಯ ತೊಂದರೆ ಮಾತ್ರ ಈಗ ಸಾಕಷ್ಟು ಬಗೆಹರಿದಿದೆ. 2018ರಲ್ಲಿ ಗೂಗಲ್ ಬರ್ಟ್ ಅನ್ನುವ ಭಾಷಾ ಮಾದರಿ ಹೊರತಂದಿತು. ಅದು ಪದವನ್ನು ಒಂಟಿಯಾಗಿ ನೋಡುವುದಿಲ್ಲ, ಅಕ್ಕಪಕ್ಕದ ಪದಗಳ ಜೊತೆ ನೋಡುತ್ತದೆ. ಪಕ್ಕದಲ್ಲಿ ಬಸ್ ಇದ್ದರೆ ಒಂದು ಅರ್ಥ, ಕಾಯಿಕೊರಕ ಇದ್ದರೆ ಇನ್ನೊಂದು. ಅದರ ಬಹುಭಾಷಾ ರೂಪದಲ್ಲಿ ಕನ್ನಡವೂ ಇತ್ತು. ಮುಂದೆ ಗೂಗಲ್‌ನ ಭಾರತದ ತಂಡ ಕಟ್ಟಿದ ಮ್ಯೂರಿಲ್ ಅನ್ನುವ ಮಾದರಿಯಲ್ಲಿ ಕನ್ನಡವೂ ಸೇರಿ 16 ಭಾರತೀಯ ಭಾಷೆಗಳಿವೆ.

ಅದೇ ಹೊತ್ತಿಗೆ ಕುಕೀಗಳ ಕಾಲೂ ಸಡಿಲವಾಯಿತು. 2020ರ ಮಾರ್ಚ್‌ನಲ್ಲಿ ಸಫಾರಿ ಬ್ರೌಸರ್ ಹೊರಗಿನವರ ಕುಕೀಗಳನ್ನು ಪೂರ್ತಿ ತಡೆಯಿತು. ಕ್ರೋಮ್ ಕೂಡ ತೆಗೆಯುತ್ತೇನೆ ಅಂದಿತ್ತು, 2024ರಲ್ಲಿ ಹಿಂದೆ ಸರಿಯಿತು. ನೆದರ್‌ಲ್ಯಾಂಡ್ಸ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಪಿಒ ಮಾತ್ರ 2020ರ ಶುರುವಿನಲ್ಲಿ ಕುಕೀ ಬಿಟ್ಟು, ಕಾರ್ಯಕ್ರಮದ ವಿಷಯ ನೋಡಿ ಜಾಹೀರಾತು ಹಾಕಿತು. ಜನವರಿಯ ಆನ್‌ಲೈನ್ ಜಾಹೀರಾತು ಆದಾಯ ಹಿಂದಿನ ವರ್ಷಕ್ಕಿಂತ ಶೇ 62ರಷ್ಟು ಜಾಸ್ತಿಯಾಯಿತು ಎಂದು ಆ ಸಂಸ್ಥೆಯೇ ಹೇಳಿಕೊಂಡಿತು. ಜಾಹೀರಾತಿಗೆ ಹಿಂಬಾಲಿಸುವುದೇ ಬೇಕು ಅನ್ನುವವರು ಇದನ್ನೊಮ್ಮೆ ನೋಡಬೇಕು.

ಇಷ್ಟಾದರೂ ನಮ್ಮ ರೈತರಿಗೆ ಸಾಲದ ಆ್ಯಪ್ ಯಾಕೆ ಬರುತ್ತದೆ? ಈಗ ಯಂತ್ರ ಓದುವುದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ ಅನ್ನುವುದು ನನ್ನ ಲೆಕ್ಕ. ಪುಟ ತೆರೆದ ಕ್ಷಣದಲ್ಲಿ ಅಲ್ಲಿನ ಜಾಹೀರಾತಿನ ಜಾಗಕ್ಕೆ ಒಂದು ಹರಾಜು ನಡೆಯುತ್ತದೆ. ಹರಾಜಿಗೆ ಬಂದವರಲ್ಲೇ ಆರಿಸಬೇಕು. ಸಾಲದ ಆ್ಯಪ್‌ನವರು ಎಲ್ಲ ಊರಿಗೂ, ಎಲ್ಲ ವಿಷಯಕ್ಕೂ ಹಣ ಕಟ್ಟಿರುತ್ತಾರೆ. ರಾಯಚೂರಿನ ಬೀಜ-ಗೊಬ್ಬರದ ಅಂಗಡಿಯವರು, ಬಳ್ಳಾರಿಯ ಜೀನ್ಸ್ ಹೊಲಿಯುವವರು, ಗಂಗಾವತಿಯ ಅಕ್ಕಿ ಗಿರಣಿಯವರು ಅಲ್ಲಿಗೆ ಬರುವುದೇ ಅಪರೂಪ. ಅವರ ಜಾಹೀರಾತು ಗೋಡೆ ಮೇಲೆ, ಆಟೋದ ಮೈಕಿನಲ್ಲಿ, ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ. ಬಂದರೂ ಜಾಹೀರಾತನ್ನು ಇಂಗ್ಲಿಷ್‌ನಲ್ಲೇ ಬರೆಸುವುದು ಜಾಸ್ತಿ. ಮೇಲಾಗಿ ನಮ್ಮ ಮೊಬೈಲ್ ಇಂಟರ್‌ನೆಟ್ ಎಷ್ಟೋ ಸಲ ಬೆಂಗಳೂರಿನದ್ದು ಅಂತಲೇ ತೋರುತ್ತದೆ. ಮಾನ್ವಿಯ ಓದುಗರಿಗೆ ವೈಟ್‌ಫೀಲ್ಡ್ ಫ್ಲ್ಯಾಟ್ ಬರಲು ಇದೂ ಒಂದು ಕಾರಣ.

ಬರಹ ಹಾಕುವವರ ಕೈಯಲ್ಲೂ ಸ್ವಲ್ಪ ಇದೆ. ಯೂನಿಕೋಡ್‌ನಲ್ಲಿ ಬರೆಯುವುದು, ‘ಬಿಗ್ ಶಾಕ್’ ಅನ್ನುವ ಬದಲು ಬೆಳೆ, ರೋಗ, ತಾಲ್ಲೂಕು ತಲೆಬರಹದಲ್ಲೇ ಹೇಳುವುದು, ಒಂದೇ ಪುಟದಲ್ಲಿ ಹತ್ತು ವಿಷಯ ತುಂಬದಿರುವುದು. ಇಷ್ಟು ಮಾಡಿದರೆ ಯಂತ್ರಕ್ಕೆ ಪುಟ ಅರ್ಥವಾಗುತ್ತದೆ. ಮೋಹಕ ಬಲೆ ಮಾರುವವರು ಹರಾಜಿಗೆ ಬರದಿದ್ದರೆ, ಚೆನ್ನಾಗಿ ಅರ್ಥವಾದ ಪುಟದ ಪಕ್ಕದಲ್ಲೂ ಸಾಲದ ಆ್ಯಪ್ಪೇ ಬರುತ್ತದೆ.